ಊರಿಂದ ಹೋದನೋ, ಊರಿಗೆ ಹೋದನೋ?

ಹಳೆಯ ಪುಸ್ತಕ ಓದುವಾಗ ಗೊತ್ತಿಲ್ಲದ ಪದ ಎದುರಾದರೆ ಅಂಥಾ ಅಪಾಯವೇನಿಲ್ಲ. ನಿಘಂಟು ತೆಗೆದು ನೋಡ್ತೀವಿ. ಅಪಾಯ ಇರೋದು ಗೊತ್ತಿರುವ ಪದಗಳಲ್ಲಿ. ‘ಓ, ಇದಾ’ ಅಂತ ದಾಟಿಕೊಂಡು ಹೋಗ್ತೀವಲ್ಲ, ಎಡವೋದು ಅಲ್ಲೇ. ಚೀನೀ ಭಾಷೆಯನ್ನು ಅಷ್ಟಿಷ್ಟು ಕಲಿಯುವಾಗ ನಾನು ಎಡವಿದ್ದು ಇಂಥದೇ ಒಂದು ಪುಟ್ಟ ಕ್ರಿಯಾಪದದ ಮೇಲೆ.

‘ಚ್ಯು’ ಅಂದರೆ ಹೋಗು. ಮೊದಲ ಪಾಠಗಳಲ್ಲೇ ಬರುವ ಪದ. ‘ಚ್ಯು ಬೀಜಿಂಗ್’ ಅಂದರೆ ಬೀಜಿಂಗಿಗೆ ಹೋಗು. ಇಷ್ಟು ಬಂಡವಾಳ ಇಟ್ಟುಕೊಂಡು ಮೆನ್ಸಿಯಸ್‌ಗೆ ಕೈ ಹಾಕಿದೆ. ಕ್ರಿ.ಪೂ. 4ನೇ ಶತಮಾನದ ಚಿಂತಕ, ಕನ್‌ಫ್ಯೂಷಿಯಸ್ ಪರಂಪರೆಯಲ್ಲಿ ಅವನ ನಂತರದ ದೊಡ್ಡ ಹೆಸರು. ಅವನ ಪುಸ್ತಕದ ಒಂದು ಪ್ರಸಂಗ ಶುರುವಾಗುವುದೇ ಅವನ ಹೆಸರು, ‘ಚ್ಯು’, ಆಮೇಲೆ ಚೀ ಎಂಬ ರಾಜ್ಯದ ಹೆಸರಿನಿಂದ. ‘ಮೆನ್ಸಿಯಸ್ ಚೀ ರಾಜ್ಯಕ್ಕೆ ಹೋದ’ ಅಂತ ಧೈರ್ಯವಾಗಿ ಓದಿಕೊಂಡೆ. ಮುಂದಿನದು ಒಂದೂ ಕೂಡಿಬರಲಿಲ್ಲ. ಹೋಗುವವನು ನಡುವೆ ಒಂದು ಊರಲ್ಲಿ ಮೂರು ರಾತ್ರಿ ಯಾಕೆ ಉಳಿದ? ಅಷ್ಟಕ್ಕೇ ಇನ್ನೊಬ್ಬ ಅವನನ್ನು ಯಾಕೆ ಹಂಗಿಸ್ತಾನೆ?

ಅನುವಾದ ನೋಡಿದ ಮೇಲೆ ಗೊತ್ತಾಯ್ತು. ಆ ಕಾಲದಲ್ಲಿ ‘ಚ್ಯು’ ಅಂದರೆ ‘ಬಿಟ್ಟು ಹೋಗು’. ಮೆನ್ಸಿಯಸ್ ಚೀ ರಾಜ್ಯಕ್ಕೆ ಹೋಗ್ತಾ ಇರಲಿಲ್ಲ, ಅದನ್ನು ಬಿಟ್ಟು ಹೊರಟಿದ್ದ. ಅಲ್ಲಿನ ರಾಜ ಗೌರವ ಕೊಟ್ಟ, ಮಾತು ಮಾತ್ರ ನಡೆಸಲಿಲ್ಲ. ಬೇಸತ್ತು ಹುದ್ದೆ ಬಿಟ್ಟವನು ರಾಜ್ಯ ದಾಟುವ ಮೊದಲು ಚೌ ಎಂಬ ಊರಲ್ಲಿ ಮೂರು ರಾತ್ರಿ ತಂಗಿದ. ರಾಜ ಮನಸ್ಸು ಬದಲಿಸಿ ವಾಪಸ್ ಕರೆಸಬಹುದು ಅನ್ನೋ ಆಸೆ. ಯಾರೂ ಕರೆಯಲು ಬರಲಿಲ್ಲ. ಇಷ್ಟು ನಿಧಾನಕ್ಕೆ ಹೋಗೋದು ಏನು ಚೆಂದ ಅಂತ ಯಿನ್ ಶಿ ಎಂಬಾತ ಆಡಿಕೊಂಡ. ನನ್ನ ಮನಸ್ಸಿಗೆ ಆ ಮೂರು ರಾತ್ರಿಯೂ ಅವಸರ ಅನ್ನಿಸಿತ್ತು ಎಂಬರ್ಥದ ಉತ್ತರ ಮೆನ್ಸಿಯಸ್ಸನದು. ಒಂದು ಕ್ರಿಯಾಪದವನ್ನು ಇವತ್ತಿನ ಅರ್ಥದಲ್ಲಿ ಓದಿ ನಾನು ಕಳಕೊಂಡದ್ದು ಈ ಇಡೀ ಸಂಕಟವನ್ನು.

ನಮ್ಮಲ್ಲಾದರೆ ‘ಊರಿಂದ’, ‘ಊರಿಗೆ’ ಅಂತ ವಿಭಕ್ತಿ ಪ್ರತ್ಯಯಗಳು ಕಾಯುತ್ತವೆ. ಚೀನಿಯಲ್ಲಿ ಅವಿಲ್ಲ. ಕ್ರಿಯಾಪದದ ಮುಂದೆ ಊರಿನ ಹೆಸರು ಇಟ್ಟರೆ ಆಯ್ತು. ಬಿಟ್ಟ ಊರೋ, ಸೇರುವ ಊರೋ ಅನ್ನೋದನ್ನು ಆ ಕ್ರಿಯಾಪದವೇ ಹೇಳಬೇಕು. ‘ಬಿಟ್ಟು ಹೋಗು’ ಎಂಬ ಪದವನ್ನು ಜನ ಊರಿನ ಹೆಸರಿಲ್ಲದೆ ಬರೀ ‘ಹೊರಡು’ ಅಂತ ಬಳಸಿದರು, ‘ಬಾ’ ಎಂಬ ಪದದ ಪಕ್ಕ ಅದನ್ನು ಜೋಡಿಯಾಗಿ ಕೂರಿಸಿದರು. ಕಾಲಕ್ರಮದಲ್ಲಿ ಅದರ ಮುಖ ತಿರುಗಿ, ಹೊರಟ ಜಾಗದ ಬದಲು ಸೇರುವ ಜಾಗ ಅಲ್ಲಿ ಬಂದು ಕೂತಿತು. ಹಳೆಯ ಅರ್ಥ ಪೂರ್ತಿ ಸತ್ತಿಲ್ಲ. ಯಾರಾದರೂ ತೀರಿಕೊಂಡರೆ ಚೀನೀಯರು ಇವತ್ತೂ ‘ಚ್ಯುಶಿ’ ಅಂತಾರೆ: ಲೋಕ ಬಿಟ್ಟರು.

ಇನ್ನೊಂದು ಪದ ‘ತ್ಸೌ’. ಈಗ ನಡೆ, ಹೊರಡು ಎಂಬರ್ಥ. ಆಗ ಓಡು. ಕಂಚಿನ ಪಾತ್ರೆಗಳ ಮೇಲಿನ ಹಳೆಯ ಲಿಪಿಯಲ್ಲಿ ಈ ಅಕ್ಷರ, ಕೈ ಬೀಸಿ ಓಡುವ ಮನುಷ್ಯ, ಅವನ ಕೆಳಗೊಂದು ಪಾದ. ಮೆನ್ಸಿಯಸ್ ಲಿಯಾಂಗ್ ರಾಜ್ಯದ ಹುಯ್ ದೊರೆಗೆ ಹೇಳಿದ ಪ್ರಸಿದ್ಧ ದೃಷ್ಟಾಂತದಲ್ಲಿ, ಯುದ್ಧದಿಂದ ಐವತ್ತು ಹೆಜ್ಜೆ ಓಡಿದ ಸೈನಿಕ ನೂರು ಹೆಜ್ಜೆ ಓಡಿದವನನ್ನು ನೋಡಿ ನಗ್ತಾನೆ. ಅಲ್ಲಿರೋದು ಇದೇ ‘ತ್ಸೌ’. ‘ನಡೆದ’ ಅಂತ ಓದಿದರೆ ಸೈನಿಕರು ವಾಯುವಿಹಾರಕ್ಕೆ ಹೊರಟ ಹಾಗಾಗುತ್ತೆ! ಓಡು, ಪಲಾಯನ ಮಾಡು, ಜಾಗ ಖಾಲಿ ಮಾಡು, ಹೊರಡು, ನಡೆ: ಒಂದೊಂದು ಮೆಟ್ಟಿಲಿನ ಅಂತರ ಸಣ್ಣದು, ಅಷ್ಟೂ ಇಳಿದ ಮೇಲೆ ವೇಗವೇ ಉಳಿದಿಲ್ಲ.

ಈ ಅಕ್ಷರವನ್ನು ಎರವಲು ಪಡೆದ ಜಪಾನೀಯರು ಇವತ್ತಿಗೂ ಅದರಲ್ಲಿ ಬರೆಯೋದು ‘ಓಡು’ ಎಂಬ ಪದವನ್ನೇ. ಹಾಂಗ್‌ಕಾಂಗಿನ ಕ್ಯಾಂಟನೀಸ್ ಮಾತಿನಲ್ಲೂ ಅದಕ್ಕೆ ಓಡು ಎಂಬರ್ಥ ಉಳಿದಿದೆ. ನಡೆಯೋದಕ್ಕೆ ಅವರ ಪದ ‘ಹಾಂಗ್’. ಮಾವೋ ಕಾಲದ ಭಾಷಣಗಳಲ್ಲಿ ಕೇಳಿಬರುತ್ತಿದ್ದ ‘ರನ್ನಿಂಗ್ ಡಾಗ್’ ಎಂಬ ಬೈಗುಳವೂ ಇದೇ ‘ತ್ಸೌ’ ಇರುವ ಪದದ ಅನುವಾದ. ಮೊದಲು ಅದು ಬರೀ ಬೇಟೆನಾಯಿ, ಆಮೇಲೆ ಯಜಮಾನ ಹೇಳಿದ ಕಡೆ ಓಡುವ ಬಾಲಬಡುಕ.

ಇಲ್ಲೊಂದು ಎಚ್ಚರವೂ ಬೇಕು. ಈಗ ‘ತಿನ್ನು’ ಎಂದು ಓದುವ ಅಕ್ಷರಕ್ಕೆ ಹಳೆಯ ನಿಘಂಟಿನಲ್ಲಿ ‘ತೊದಲು’ ಎಂಬ ಅರ್ಥವಿದೆ. ತೊದಲುವುದು ತಿನ್ನುವುದಾಗಿ ಬದಲಾಯಿತು ಅಂತ ಕತೆ ಕಟ್ಟಬಾರದು. ತಿನ್ನು ಎಂಬ ಪದಕ್ಕೆ ಬೇರೆಯದೇ ಅಕ್ಷರವಿತ್ತು, ಬರೆಯುವವರು ಈ ಸುಲಭದ ಅಕ್ಷರವನ್ನು ಎರವಲು ತಂದರು. ಬದಲಾದದ್ದು ಬರವಣಿಗೆ, ಅರ್ಥ ಅಲ್ಲ. ಪ್ರಾಚೀನ ಚೀನಿಯಲ್ಲಿ ತಿನ್ನೋದಕ್ಕೆ ಇದ್ದ ಪದವೇ ಬೇರೆ, ‘ಶೀ’. ಉತ್ತರದ ಆಡುಮಾತಿನಿಂದ ಅದು ಹಿಂದೆ ಸರಿಯಿತು. ದಕ್ಷಿಣದ ಕ್ಯಾಂಟನೀಸ್‌ನಲ್ಲಿ ‘ಸಿಕ್’ ಆಗಿ ದಿನಾ ಬಳಕೆಯಲ್ಲಿದೆ. ನಮ್ಮಲ್ಲೂ ನೋಡಿ, ಬೆಂಗಳೂರಲ್ಲಿ ‘ಊಟ ಮಾಡಿದ್ರಾ?’ ಅಂತೀವಿ. ಹಳ್ಳಿ ಕಡೆ ಹೋದರೆ ‘ಉಂಡ್ರಾ?’ ಅಂತಾರೆ. ಹಳೆಯ ಕ್ರಿಯಾಪದಗಳು ಸಾಯೋದಕ್ಕಿಂತ ಹೀಗೆ ಮನೆ ಬದಲಿಸೋದೇ ಹೆಚ್ಚು.

ಚೀನಿಯಲ್ಲಿ ಈ ಗೊಂದಲ ಜಾಸ್ತಿಯಾಗೋದಕ್ಕೆ ಕಾರಣವಿದೆ. ಆಡುಮಾತು ಬದಲಾಗುತ್ತಲೇ ಹೋದರೂ ಪಂಡಿತರು ಎರಡು ಸಾವಿರ ವರ್ಷ ಮೆನ್ಸಿಯಸ್ ಕಾಲದ ಮಾದರಿಯಲ್ಲೇ ಬರೆದರು. ಬಾಯಲ್ಲಿ ‘ಹೋಗು’, ಕುಂಚದಲ್ಲಿ ‘ಬಿಟ್ಟು ಹೋಗು’. ಒಂದೇ ಅಕ್ಷರ, ಒಬ್ಬನೇ ಮನುಷ್ಯ. 1917ರಲ್ಲಿ ಹು ಷಿ ಮೊದಲಾದವರು ಆಡುಮಾತಿನಲ್ಲೇ ಬರೆಯೋಣ ಅಂತ ದನಿ ಎತ್ತಿದರು. 1920ರಲ್ಲಿ ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳ ಪಠ್ಯ ಆಡುಮಾತಿಗೆ ಬರಬೇಕು ಅಂತ ಸರ್ಕಾರದ ಆದೇಶ ಹೊರಟಿತು. ಅಲ್ಲಿಂದಾಚೆಗೆ ಬೆಳೆದ ಮಕ್ಕಳಿಗೆ ಹಳೆಯ ಅರ್ಥವನ್ನು ಬೇರೆಯಾಗಿಯೇ ಕಲಿಸಬೇಕಾಯ್ತು. ಅಕ್ಷರ ಒಂದೇ ಇದ್ದು ಅಂದಿಗೂ ಇಂದಿಗೂ ಅರ್ಥ ಬೇರೆಯಾದ ಪದಗಳ ಪಟ್ಟಿಯನ್ನು ಅಲ್ಲಿನ ಹೈಸ್ಕೂಲ್ ಹುಡುಗರು ಈಗಲೂ ಪರೀಕ್ಷೆಗೆ ಉರು ಹೊಡೀತಾರೆ.

ಅವರ ಆ ಕಷ್ಟ ನನಗೆ ಉಪಕಾರವಾಗಿದೆ. ಈಗ ಹಳೆಯ ಪುಟ ತೆರೆದರೆ ಕಷ್ಟದ ಪದಗಳ ಕೆಳಗೆ ಗೆರೆ ಎಳೆಯೋದಿಲ್ಲ. ಹೋಗು, ನಡೆ, ತಿನ್ನು ಅಂತ ಮಗುವಿಗೂ ಗೊತ್ತಿರುವ ಪದಗಳ ಕೆಳಗೆ ಎಳೀತೀನಿ, ಆಮೇಲೆ ಓದೋಕೆ ಶುರು ಮಾಡ್ತೀನಿ.