‘ಮಿಥ್’ ಚಿತ್ರಸರಣಿ ಮತ್ತು ಹಂಪಿಯ ಚಿತ್ರೀಕರಣ ತಾಣಗಳು

ಜಾಕಿ ಚಾನ್ ಅಭಿನಯಿಸಿ ಸ್ಟ್ಯಾನ್ಲಿ ಟಾಂಗ್ ನಿರ್ದೇಶಿಸಿದ ಅದ್ಭುತ ಸಾಹಸದ ಚಿತ್ರಸರಣಿಯೇ ‘ಮಿಥ್’. ಮೊದಲ ಚಿತ್ರ ‘ದಿ ಮಿಥ್’ 2005ರಲ್ಲಿ ತೆರೆಕಂಡಿತು. ‘ಕುಂಗ್ ಫೂ ಯೋಗ’ (2017), ‘ಎ ಲೆಜೆಂಡ್’ (2024) ಇದರ ಮುಂದುವರಿಕೆಗಳು. ಕನ್ನಡನಾಡಿಗೆ ನಂಟಿರುವುದು ಮೊದಲನೆಯದಕ್ಕೆ: ಅದರ ಭಾರತದ ದೃಶ್ಯಗಳಿಗೆ ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ಹಂಪಿಯನ್ನು ಬಳಸಿಕೊಳ್ಳಲಾಯಿತು.

ಆ ಚಿತ್ರದಲ್ಲಿ ಪುರಾತತ್ತ್ವಜ್ಞ ಜ್ಯಾಕ್‌ಗೆ ತಾನು ಚಿನ್ ರಾಜವಂಶದ ಸೇನಾನಿ ಮೆಂಗ್ ಯಿ ಎಂಬಂತೆ ಕನಸು ಬೀಳುತ್ತಿರುತ್ತದೆ. ಗುರುತ್ವವನ್ನೇ ಮೀರಿಸುವ ಕಲ್ಲೊಂದನ್ನು ಹುಡುಕುತ್ತ ಅವನು ಭಾರತಕ್ಕೆ ಬರುತ್ತಾನೆ. ಇಲ್ಲಿ ಅವನಿಗೆ ನೆರವಾಗುವ ಯುವತಿಯ ಪಾತ್ರ ಮಲ್ಲಿಕಾ ಶೆರಾವತ್ ಅವರದು. ಕಲ್ಲು ತೇಲುವ ಕಥೆಗೆ, ಒಂದರ ಮೇಲೊಂದು ಬಂಡೆ ಕೂತ ಹಂಪಿಗಿಂತ ಒಪ್ಪುವ ನೆಲ ಸಿಗುವುದು ಕಷ್ಟ.

1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹಂಪಿ, 1999ರಿಂದ 2006ರವರೆಗೆ ಯುನೆಸ್ಕೋದ ‘ಅಪಾಯದಲ್ಲಿರುವ ತಾಣ’ಗಳ ಪಟ್ಟಿಯಲ್ಲಿತ್ತು. ಆನೆಗೊಂದಿ ಬಳಿಯ ಸೇತುವೆ ಕಾಮಗಾರಿ ಅದಕ್ಕೆ ಮುಖ್ಯ ಕಾರಣ. ಚಿತ್ರ ತಯಾರಾಗಿ ತೆರೆಗೆ ಬಂದದ್ದು ಈ ನಡುವೆಯೇ. ಬೇರೆಡೆ ಚಿತ್ರೀಕರಣ ತಾಣವೇ ಪ್ರವಾಸಿ ತಾಣವಾಗುವುದುಂಟು: ನ್ಯೂಜಿಲೆಂಡಿನ ಮಟಮಟಾದಲ್ಲಿ ಸಿನಿಮಾದ ಹಾಬಿಟ್‌ಗಳ ಊರನ್ನು ಶಾಶ್ವತವಾಗಿ ಕಟ್ಟಿ ಟಿಕೆಟ್ ಇಟ್ಟು ತೋರಿಸುತ್ತಾರೆ. ಹಂಪಿಯ ಸಂರಕ್ಷಿತ ಸ್ಮಾರಕಗಳ ನಡುವೆ ಅಂಥದ್ದಕ್ಕೆ ಅವಕಾಶವಿಲ್ಲ. ಚಿತ್ರೀಕರಣಕ್ಕೇ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕು. ಹಾಗಾಗಿ ಚಿತ್ರ ನೋಡಿ ಬಂದವರು ತೆರೆಯ ಮೇಲಿನ ನೋಟವನ್ನು ಬಂಡೆಗಳ ಜೊತೆ ತಾವೇ ತಾಳೆ ಹಾಕಿಕೊಳ್ಳಬೇಕು.

ಕಥೆ ನಡೆದ ಜಾಗವನ್ನು ನೋಡಲು ಹೋಗುವ ರೂಢಿ ಈ ಸೀಮೆಗೆ ಸಿನಿಮಾ ಕಲಿಸಿದ್ದಲ್ಲ. ಹಂಪಿ–ಆನೆಗೊಂದಿಯನ್ನೇ ರಾಮಾಯಣದ ಕಿಷ್ಕಿಂಧೆ ಎಂದು ನಂಬಿದ ಯಾತ್ರಿಕರು ಅಂಜನಾದ್ರಿ ಹತ್ತುತ್ತಾರೆ, ಪಂಪಾಸರೋವರದಲ್ಲಿ ಕೈಮುಗಿಯುತ್ತಾರೆ, ಮತಂಗ ಪರ್ವತವನ್ನು ನೋಡುತ್ತಾರೆ. ಹೂವಿನ ಹಡಗಲಿ ತಾಲ್ಲೂಕಿನ ಮೈಲಾರದ್ದೂ ಇದೇ ಬಗೆ. ಮೈಲಾರಲಿಂಗ ಮಣಿಕಾಸುರ–ಮಲ್ಲಾಸುರರನ್ನು ಕೊಂದ ಕಥೆಯೊಡನೆ ಬೆಸೆದ ಆ ಕ್ಷೇತ್ರದಲ್ಲಿ, ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ (ಭವಿಷ್ಯವಾಣಿ) ಕೇಳಲು ಜನ ಕಿಕ್ಕಿರಿಯುತ್ತಾರೆ. ಯಾವ ಚಿತ್ರದ ಸೆಟ್ಟಿಗೂ ಇಷ್ಟು ಜನ ಸೇರಲಾರರು.

ಸಿನಿಮಾ ಮತ್ತು ಐತಿಹ್ಯ ಒಂದಕ್ಕೊಂದು ಹೆಣೆದುಕೊಂಡ ನಿದರ್ಶನ ಕೂಡ್ಲಿಗಿ ತಾಲ್ಲೂಕಿನಲ್ಲಿದೆ. ಇಲ್ಲಿನ ಗುಡೇಕೋಟೆ ಒನಕೆ ಓಬವ್ವನ ತವರು ಎಂಬ ಪ್ರತೀತಿಯುಂಟು. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ಜಯಂತಿ ಓಬವ್ವನಾದ ಮೇಲೆ, ಓಬವ್ವ ಶತ್ರುಗಳನ್ನು ತಡೆದ ಚಿತ್ರದುರ್ಗ ಕೋಟೆಯ ಕಿಂಡಿ ಮನೆಮಾತಾಯಿತು. ಪಾಳೆಯಗಾರರ ಕೋಟೆ, ಕರಡಿಧಾಮ ಎರಡೂ ಇದ್ದರೂ ಗುಡೇಕೋಟೆಗೆ ಆ ಪ್ರಸಿದ್ಧಿಯ ಪಾಲು ಸಿಗಲಿಲ್ಲ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವೂ ಬಾಗಳಿಯ ಕಲ್ಲೇಶ್ವರ ದೇವಾಲಯವೂ ಹಂಪಿಯ ನೆರಳಲ್ಲೇ ಉಳಿದಿವೆ.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಹಂಪಿಯೂ ಈ ತಾಲ್ಲೂಕುಗಳೂ ಒಟ್ಟಿಗಿವೆ. ಇವನ್ನು ನೋಡಲು ಹೊರಟವರಿಗೆ ಹೊಸಪೇಟೆ–ಹರಿಹರ ರೈಲುಮಾರ್ಗವಿದೆ; ಅದು ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿಗಳ ಮೂಲಕ ಹಾಯುತ್ತದೆ. ಕೂಡ್ಲಿಗಿಗೂ ಹಡಗಲಿಗೂ ಬಸ್ಸೇ ಗತಿ.