ವಿಭೂತಿಹಳ್ಳಿಯ ಕಲ್ಲುಗಳು, ಟೇಲರ್ ಸಾಹೇಬ ಮತ್ತು ನನ್ನದೊಂದು ಪೇಂಟಿಂಗು

ವಾರದ ಐದು ದಿನ ನಾನು ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬೇರೆಯವರು ಬರೆದ ಕೋಡಿನಲ್ಲಿ ತಪ್ಪು ಹುಡುಕುತ್ತೇನೆ. ಶನಿವಾರ ಬಂತೆಂದರೆ ಬಾಡಿಗೆ ಮನೆಯ ಬಾಲ್ಕನಿಯಲ್ಲಿ ಹಳೇ ಪೇಪರು ಹಾಸಿ, ಎಣ್ಣೆಬಣ್ಣದ ಟ್ಯೂಬುಗಳನ್ನು ಹರಡಿಕೊಂಡು ನನ್ನದೇ ತಪ್ಪುಗಳನ್ನು ಮಾಡಲು ಕೂರುತ್ತೇನೆ. ಯಾರ ಹತ್ತಿರವೂ ಕಲಿತ ವಿದ್ಯೆಯಲ್ಲ. ಟರ್ಪೆಂಟೈನ್ ವಾಸನೆಗೆ ಓನರ್ ಆಂಟಿ ಎರಡು ಸಲ ಮೇಲೆ ಬಂದು ಹೋಗಿದ್ದಾರೆ. ಬರೆಯುವುದೆಲ್ಲ ನಮ್ಮ ಶಹಾಪುರದ ಕಡೆಯದೇ. ಕಾರಹುಣ್ಣಿಮೆಗೆ ಬಣ್ಣ ಹಚ್ಚಿದ ಎತ್ತು, ಮೊದಲ ಮಳೆ ಬಿದ್ದ ಎರೆಹೊಲ, ಬೇಸಿಗೆಯಲ್ಲಿ ಬಾಯಿ ಬಿಟ್ಟ ನೆಲ, ಎಳ್ಳಮಾಸಿ ಹೊತ್ತಿಗೆ ತೆನೆಗೂಡಿದ ಬಿಳಿಜೋಳ.. ಹೀಗೆ.

ಇವತ್ತು ಹೇಳಹೊರಟಿರುವುದು ಆ ಎಳ್ಳಮಾಸಿ ಚಿತ್ರದ ಕಥೆ.

ಊರಿಗೆ ಹೋದಾಗ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿರೊಟ್ಟಿ, ಭಜ್ಜಿ ಎಲ್ಲ ಕಟ್ಟಿಸಿಕೊಂಡು ಉಂಡು, ಸಂಜೆ ವಿಭೂತಿಹಳ್ಳಿಯ ಕಡೆ ಒಂದು ಸುತ್ತು ಹಾಕಿ ಮೊಬೈಲಿನಲ್ಲಿ ಒಂದಷ್ಟು ಫೋಟೋ ತೆಗೆದುಕೊಂಡು ಬಂದಿದ್ದೆ. ಬೆಂಗಳೂರಿಗೆ ಬಂದು ಅದನ್ನೇ ನೋಡಿಕೊಂಡು ಬರೆದೆ. ಮುಂದೆ ಜೋಳದ ಹೊಲ, ಹಿಂದೆ ಶಹಾಪುರದ ಗುಡ್ಡ, ನಡುವೆ ನೆಲದ ತುಂಬ ದೊಡ್ಡ ದೊಡ್ಡ ಗುಂಡುಕಲ್ಲುಗಳು. ಕಲ್ಲು ಜಾಸ್ತಿಯಾಗಿ ಚಿತ್ರ ಗಿಜಿಗಿಜಿ ಅನ್ನಿಸಿದ್ದಕ್ಕೆ ಒಂದಷ್ಟನ್ನು ಅಳಿಸಿದೆ, ಇನ್ನೊಂದಷ್ಟನ್ನು ಕಣ್ಣಿಗೆ ಚಂದ ಕಾಣುವ ಹಾಗೆ ಅತ್ತಿತ್ತ ಸರಿಸಿದೆ. ಕರೆಂಟು ಕಂಬವನ್ನಂತೂ ಪೂರ್ತಿ ಕಿತ್ತುಹಾಕಿದೆ. ಚಿತ್ರ ಪರವಾಗಿಲ್ಲ ಅನ್ನುವ ಹಾಗೆ ಬಂತು.

ಆಫೀಸಿನ ಗೆಳೆಯನೊಬ್ಬ ನೋಡಿ ಕೇಳಿದ: "ಚೆನ್ನಾಗಿದೆ ಗುರೂ. ಆದ್ರೆ ಇಷ್ಟೊಂದು ಕಲ್ಲು ಯಾರು ತಂದು ಹಾಕಿದ್ದು ಅಲ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಹುಟ್ಟಿದಾಗಿನಿಂದ ನೋಡಿದ ಕಲ್ಲುಗಳು. ಮಲಗಿದ ಬುದ್ಧನ ಹಾಗೆ ಕಾಣುವ ನಮ್ಮೂರ ಗುಡ್ಡದ ಬಗ್ಗೆ ಯಾರು ಕೇಳಿದರೂ ಹತ್ತು ನಿಮಿಷ ಮಾತಾಡುವವನು ನಾನು. ಈ ಕಲ್ಲುಗಳ ಬಗ್ಗೆ ಮಾತ್ರ ಒಂದು ದಿನವೂ ಯಾರನ್ನೂ ಕೇಳಿರಲಿಲ್ಲ.

ಮುಂದಿನ ಸಲ ಊರಿಗೆ ಹೋದಾಗ ಬೇಕೆಂದೇ ಅಲ್ಲಿಗೆ ಹೋದೆ. ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ ಸಿಕ್ಕ.

"ಏನ್ ನೋಡ್ಲಾಕತ್ತಿ ತಮ್ಮಾ?"

"ಈ ಕಲ್ಲು ಯಾರ್ ಇಟ್ಟಾರ ಮುತ್ಯಾ?"

"ನಮ್ಮ ಮುತ್ಯಾನ ಮುತ್ಯಾ ಇದ್ದಾಗೂ ಇಲ್ಲೇ ಇದ್ದವಂತ. ದೊಡ್ಡವರು ಇಟ್ಟಿದ್ದು ಸುಮ್ಮ ಸುಮ್ಮನ ಇಟ್ಟಿರಂಗಿಲ್ಲ ನೋಡು."

ಮುತ್ಯಾ ಹೇಳಿದ್ದು ಎಷ್ಟು ಸರಿ ಎಂದು ಆಮೇಲೆ ಗೊತ್ತಾಯಿತು. ಹುಡುಕುತ್ತಾ ಹೋದರೆ ನೂರ ಎಪ್ಪತ್ತು ವರ್ಷದ ಹಿಂದೆಯೇ ಇದೇ ಪ್ರಶ್ನೆ ಕೇಳಿಕೊಂಡವನೊಬ್ಬ ಸಿಕ್ಕ. ಅವನೂ ನನ್ನ ಹಾಗೆ ಹವ್ಯಾಸಕ್ಕೆ ಚಿತ್ರ ಬರೆಯುತ್ತಿದ್ದವನು! ಸುರಪುರದ ಕಡೆಯವರಿಗೆ ಹೆಸರು ಹೊಸದಲ್ಲ. ಫಿಲಿಪ್ ಮೆಡೋಸ್ ಟೇಲರ್.

1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದನೇ ವಯಸ್ಸಿಗೇ ಹಡಗು ಹತ್ತಿ 1824ರಲ್ಲಿ ಮುಂಬಯಿಗೆ ಬಂದ. ನಂಬಿಕೊಂಡು ಬಂದ ಕೆಲಸ ಕೈಕೊಟ್ಟಿತು. ಹೈದರಾಬಾದಿನ ನಿಜಾಮನ ಸೈನ್ಯ ಸೇರಿದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಭಾಷೆಗಳು, ಸರ್ವೇ, ರಸ್ತೆ ಹಾಕುವುದು, ಕೆರೆ ಏರಿ ಕಟ್ಟುವುದು, ಕಾನೂನು ಎಲ್ಲ ಕೆಲಸ ಮಾಡುತ್ತಾ ಮಾಡುತ್ತಾ ಕಲಿತದ್ದು. (ನಾಲ್ಕು ವರ್ಷ ಇಂಜಿನಿಯರಿಂಗ್ ಓದಿ ಒಂದು ಚರಂಡಿ ಕಟ್ಟಲೂ ಬಾರದ ನನ್ನಂಥವರು ಇಲ್ಲಿ ತಲೆ ತಗ್ಗಿಸಬೇಕು.) ಚಿತ್ರವೂ ಹಾಗೆಯೇ. ಹೋದಲ್ಲೆಲ್ಲ ಸ್ಕೆಚ್ ಮಾಡುತ್ತಿದ್ದ. ಅವನ ದಖನ್ನಿನ ಚಿತ್ರಗಳು 1837ರಲ್ಲಿ ಲಂಡನ್ನಿನಲ್ಲಿ ಕಲ್ಲಚ್ಚಿನಲ್ಲಿ ಪುಸ್ತಕವಾಗಿಯೂ ಬಂದವು. ಎರಡು ವರ್ಷದ ನಂತರ ಬಂದ ಅವನ ಠಗ್ಗರ ಕಾದಂಬರಿ ಇಂಗ್ಲೆಂಡಿನಲ್ಲಿ ದೊಡ್ಡ ಹೆಸರು ಮಾಡಿತು.

ಸುರಪುರದ ರಾಜಾ ಕೃಷ್ಣಪ್ಪ ನಾಯಕರು ತೀರಿಕೊಂಡಾಗ ಮಗ ವೆಂಕಟಪ್ಪ ನಾಯಕ ಇನ್ನೂ ಏಳೆಂಟು ವರ್ಷದ ಹುಡುಗ. ಅಧಿಕಾರಕ್ಕಾಗಿ ಅರಮನೆಯೊಳಗೆ ಜಗಳ ಎದ್ದಿತ್ತು, ಸಂಸ್ಥಾನದ ತಲೆಯ ಮೇಲೆ ಸಾಲವಿತ್ತು. ಆಗ ಬ್ರಿಟಿಷರ ಏಜೆಂಟ್ ಆಗಿ ಬಂದವನು ಟೇಲರ್. 1853ರವರೆಗೆ ಸುಮಾರು ಹನ್ನೊಂದು ವರ್ಷ ಸುರಪುರದಲ್ಲಿದ್ದ. ಗುಡ್ಡದ ಮೇಲೆ ಕಟ್ಟಿಸಿಕೊಂಡ ಬಂಗಲೆಗೆ ಇವತ್ತಿಗೂ ಟೇಲರ್ ಮಂಜಿಲ್ ಎಂದೇ ಹೆಸರು. ಬೋನಾಳ ಕೆರೆಯನ್ನು ಅವನು ತುಂಬ ಹಚ್ಚಿಕೊಂಡಿದ್ದ. ಈಗ ಪಕ್ಷಿಧಾಮವಾಗಿದೆಯಲ್ಲ, ಅದೇ ಕೆರೆ. ಜನ ಅವನನ್ನು ಮಹಾದೇವ ಬಾಬಾ ಎಂದು ಕರೆಯುತ್ತಿದ್ದರಂತೆ.

ಈ ಕೆಲಸಗಳ ನಡುವೆ ಟೇಲರ್ ಕುದುರೆ ಮೇಲೆ ಊರೂರು ತಿರುಗುವಾಗ ಕಂಡದ್ದು ಹೊಲಗಳಲ್ಲಿ ನಿಂತ ವಿಚಿತ್ರ ಕಲ್ಲುಗಳು. ರಾಜನಕೋಳೂರಿನಲ್ಲಿ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಮನೆಗಳು. ನಮ್ಮ ಕಡೆ ಇವಕ್ಕೆ ಮೋರೇರ ಮನೆ ಅನ್ನುತ್ತಾರೆ, ಮೋರೇರು ಕುಳ್ಳ ಜನ ಎಂಬ ಕಥೆಯೂ ಇದೆ. ಜೇವರ್ಗಿಯ ಹತ್ತಿರ ಕಲ್ಲುಗಳನ್ನು ಸುತ್ತುವರಿದು ಗುಡ್ಡೆ ಹಾಕಿದ ಗೋರಿಗಳು. ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಇಟ್ಟ ಗುಂಡುಕಲ್ಲುಗಳು. ಬೇರೆ ಸಾಹೇಬರಾಗಿದ್ದರೆ ನೋಡಿ ಮುಂದಕ್ಕೆ ಹೋಗುತ್ತಿದ್ದರೇನೋ. ಟೇಲರ್ ಕುದುರೆ ಇಳಿದ, ಅಳೆದ, ಬರೆದುಕೊಂಡ. 1850ರ ದಶಕದ ಆರಂಭದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇವುಗಳ ಬಗ್ಗೆ ಲೇಖನ ಪ್ರಕಟಿಸಿದ.

ಜೇವರ್ಗಿಯ ಗೋರಿಗಳನ್ನು ಅಗೆಸಿದಾಗ ಅವನು ಮಾಡಿದ ಒಂದು ಕೆಲಸ ನೋಡಿ. ಆ ಕಾಲದಲ್ಲಿ ಹಳೇ ಗೋರಿ ಅಗೆಯುವುದು ಎಂದರೆ ಗುಂಡಿ ತೋಡಿ ಮಡಕೆ, ಕತ್ತಿ ಸಿಕ್ಕರೆ ಎತ್ತಿಕೊಂಡು ಹೋಗುವುದು. ಟೇಲರ್ ಮಾತ್ರ ಅಗೆದ ಗೋಡೆಯನ್ನು ನೋಡಿ, ಮೇಲೆ ಯಾವ ಮಣ್ಣು, ಅದರ ಕೆಳಗೆ ಯಾವುದು, ಮೂಳೆ ಎಲ್ಲಿತ್ತು, ಮಡಕೆ ಎಲ್ಲಿತ್ತು ಎಂದು ಪದರ ಪದರವಾಗಿ ಸೆಕ್ಷನ್ ಡ್ರಾಯಿಂಗ್ ಮಾಡಿದ. ಫಸ್ಟ್ ಸೆಮಿಸ್ಟರಿನಲ್ಲಿ ಮಿನಿ ಡ್ರಾಫ್ಟರ್ ಹೊತ್ತುಕೊಂಡು ಹೋಗಿ ನಾವು ಬೈಯುತ್ತಾ ಮಾಡಿದ ಅದೇ ಸೆಕ್ಷನ್! ಸುಮಾರು ನೂರು ವರ್ಷದ ನಂತರ ಭಾರತದ ಪುರಾತತ್ವ ಇಲಾಖೆಯ ಮುಖ್ಯಸ್ಥನಾಗಿದ್ದ ಮಾರ್ಟಿಮರ್ ವೀಲರ್, 1954ರಲ್ಲಿ ಉತ್ಖನನದ ವಿಧಾನದ ಬಗ್ಗೆ ಪುಸ್ತಕ ಬರೆದಾಗ, ಟೇಲರನ ಈ ಚಿತ್ರವನ್ನು ಅದರ ಕಾಲಕ್ಕಿಂತ ಮುಂದಿದ್ದ ಕೆಲಸವೆಂದು ಮೆಚ್ಚಿಕೊಂಡ. ನಮ್ಮ ಪಕ್ಕದ ತಾಲೂಕಿನ ಮಣ್ಣು ಹೀಗೆ ಜಗತ್ತಿನ ಪುರಾತತ್ವದ ಪಠ್ಯ ಸೇರಿತು.

ಇಲ್ಲೊಂದು ತಮಾಷೆಯಿದೆ. ಟೇಲರನ ಚಿತ್ರ ಸರಿಯಾಗಿತ್ತು, ಆದರೆ ಅವನ ಸಿದ್ಧಾಂತ ಪೂರ್ತಿ ತಪ್ಪು. ಇಂಗ್ಲೆಂಡ್, ಐರ್ಲೆಂಡುಗಳಲ್ಲೂ ಇಂಥ ಕಲ್ಮನೆಗಳಿವೆಯಲ್ಲ, ಹಾಗಾಗಿ ಅಲ್ಲಿ ಕಟ್ಟಿದ ಜನವೇ, ಅಂದರೆ ಸಿಥಿಯನ್ನರು, ಕೆಲ್ಟರು, ಡ್ರೂಯಿಡರು ಇಲ್ಲಿಗೂ ಬಂದು ಕಟ್ಟಿರಬೇಕು ಎಂದು ಅವನ ವಾದ. ಈ ವಾದವನ್ನು ಈಗ ಯಾರೂ ಒಪ್ಪುವುದಿಲ್ಲ. ಇದೇ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆಸಿದ ಮೇಲೆ, ಇಂಥ ಗೋರಿಗಳು ನಮ್ಮ ದಕ್ಷಿಣದ ಕಬ್ಬಿಣ ಯುಗದ ಜನರವು ಎಂಬುದು ಗಟ್ಟಿಯಾಯಿತು. ಡ್ರೂಯಿಡರು ಮಾಯವಾದರು, ಡ್ರಾಯಿಂಗ್ ಉಳಿಯಿತು. ಯಾಕೆಂದರೆ ಸಿದ್ಧಾಂತ ಬರೆಯುವಾಗ ಟೇಲರ್ ತನ್ನ ದೇಶವನ್ನು ನೋಡುತ್ತಿದ್ದ, ಚಿತ್ರ ಬರೆಯುವಾಗ ಎದುರಿಗಿದ್ದ ಮಣ್ಣನ್ನು.

ಇನ್ನು ವಿಭೂತಿಹಳ್ಳಿಯ ಕಲ್ಲುಗಳಿಗೆ ಬರುತ್ತೇನೆ. ಟೇಲರನ ನಂತರ ರೇಮಂಡ್ ಆಲ್ಚಿನ್ ಎಂಬ ವಿದ್ವಾಂಸರು 1956ರಲ್ಲಿ ಈ ಭಾಗದ ಕಲ್ಲುಸಾಲುಗಳ ಮೇಲೆ ಲೇಖನ ಬರೆದರು. ಈಚೆಗೆ, 2010ರ ಆಸುಪಾಸಿನಲ್ಲಿ, ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್ ಮತ್ತು ಇತಿಹಾಸ ಸಂಶೋಧಕಿ ಪ್ರಿಯಾ ಠಾಕೂರ್ ವಿಭೂತಿಹಳ್ಳಿಯ ಸಾಲುಗಳ ದಿಕ್ಕುಗಳನ್ನು ಅಳೆದರು. ಹಗಲು ರಾತ್ರಿ ಸಮವಾಗುವ ದಿನ, ಹಾಗೆಯೇ ಉತ್ತರಾಯಣ, ದಕ್ಷಿಣಾಯನ ತಿರುಗುವ ದಿನಗಳಂದು ಸೂರ್ಯ ಹುಟ್ಟುವ, ಮುಳುಗುವ ದಿಕ್ಕಿಗೆ ಈ ಸಾಲುಗಳು ಹೊಂದುತ್ತವೆ, ಇದೊಂದು ವೀಕ್ಷಣಾಲಯ ಎಂಬುದು ಅವರ ಅಭಿಪ್ರಾಯ.

ಇದನ್ನು ಓದಿದ ದಿನ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಎಳ್ಳಮಾಸಿ, ಕಾರಹುಣ್ಣಿಮೆ ಎಂದು ಕಾಲಮಾನದ ಚಿತ್ರ ಬರೆಯುತ್ತೇನೆಂದು ನಾನು ಹೆಮ್ಮೆಪಟ್ಟುಕೊಳ್ಳುತ್ತಿದ್ದೆನಲ್ಲ, ಅದೇ ನೆಲದ ಮೇಲೆ ಎರಡು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಯಾರೋ ಕಲ್ಲು ಉರುಳಿಸಿ ಕಾಲಮಾನವನ್ನೇ ಬರೆದಿಟ್ಟಿದ್ದಾರೆ. ಕಲ್ಲು ಎಲ್ಲಿದೆ ಎಂಬುದೇ ಆ ಬರಹದ ಅಕ್ಷರ. ನಾನು ಮಾಡಿದ್ದೇನು? ಚಿತ್ರ ಚಂದ ಕಾಣಲೆಂದು ಕಲ್ಲುಗಳನ್ನು ಸರಿಸಿದೆ!

ಇನ್ನೊಂದು ಮಾತು. ಸುರಪುರದಲ್ಲಿ ಆಗ ಚಿತ್ರಕಾರರಿರಲಿಲ್ಲವೇ? ಇದ್ದರು, ಟೇಲರನಿಗಿಂತ ಎಷ್ಟೋ ಪಾಲು ನುರಿತವರು. ಗರುಡಾದ್ರಿ ಮನೆತನದವರು ಬೆಳೆಸಿದ ಸುರಪುರ ಶೈಲಿಯ ಚಿತ್ರಗಳಲ್ಲಿ ಚಿನ್ನದ ಕೆಲಸ, ಕೂದಲೆಳೆಯಂಥ ಗೆರೆ ನೋಡಿದರೆ ಕೈ ಮುಗಿಯಬೇಕು. ಆದರೆ ಅವರಿಗೆ ಅನ್ನ ಕೊಡುತ್ತಿದ್ದದ್ದು ಅರಮನೆ. ಬರೆಯಬೇಕಾದದ್ದು ದೇವರು, ರಾಜ, ದರ್ಬಾರು. ಹೊಲದಲ್ಲಿ ಬಿದ್ದ ಕಲ್ಲು ಬರೆಯಿರಿ ಎಂದು ಯಾರೂ ಅವರಿಗೆ ವರಹ ಕೊಡುತ್ತಿರಲಿಲ್ಲ. ಯಾರೂ ಕೇಳದ್ದನ್ನು ಬರೆಯುವವನೇ ಹವ್ಯಾಸಿ. 1858ರಲ್ಲಿ ಸಂಸ್ಥಾನ ಬಿದ್ದಾಗ ಆ ಕಲಾವಿದರ ಆಸರೆಯೂ ಬಿತ್ತು. ನಮ್ಮ ಕಾಲದಲ್ಲಿ ಕಲಬುರಗಿಯ ವಿಜಯ ಹಾಗರಗುಂಡಗಿಯವರಂಥ ಕಲಾವಿದರು ಆ ಶೈಲಿಗೆ ಮತ್ತೆ ಜೀವ ಕೊಡಲು ದುಡಿದಿದ್ದಾರೆ.

1858 ಎಂದೆನಲ್ಲ, ಆ ವಿಷಯ ಹೇಳದೆ ಟೇಲರನನ್ನು ಹೊಗಳಿ ಮುಗಿಸಿದರೆ ಸುರಪುರದವರು ನನ್ನನ್ನು ಊರೊಳಗೆ ಬಿಟ್ಟುಕೊಳ್ಳಲಾರರು.

ಟೇಲರ್ ಕಣ್ಣೆದುರೇ ಬೆಳೆದ ಹುಡುಗ ವೆಂಕಟಪ್ಪ ನಾಯಕ ಅವನನ್ನು ಅಪ್ಪಾ ಎಂದೇ ಕರೆಯುತ್ತಿದ್ದನಂತೆ. 1853ರಲ್ಲಿ ಸಂಸ್ಥಾನವನ್ನು ಅವರ ಕೈಗೊಪ್ಪಿಸಿ ಟೇಲರ್ ಹೊರಟ. ಐದೇ ವರ್ಷ. 1858ರ ಫೆಬ್ರವರಿಯಲ್ಲಿ ಸುರಪುರ ಬ್ರಿಟಿಷರ ಮೇಲೆ ತಿರುಗಿಬಿತ್ತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಸತ್ತ, ಆದರೆ ಸುರಪುರ ಉಳಿಯಲಿಲ್ಲ. ಹೈದರಾಬಾದಿನಲ್ಲಿ ಸೆರೆ ಸಿಕ್ಕ ರಾಜರನ್ನು ಟೇಲರ್ ಜೈಲಿಗೆ ಹೋಗಿ ಕಂಡ. ಮರಣದಂಡನೆ ಸೆರೆವಾಸವಾಯಿತು. ಸೆರೆಗೆ ಒಯ್ಯುವ ದಾರಿಯಲ್ಲೇ ರಾಜರು ಗುಂಡಿಗೆ ಬಲಿಯಾದರು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾವೇ ಹೊಡೆದುಕೊಂಡರು ಎಂದು ಟೇಲರ್ ಬರೆದ. ಇಪ್ಪತ್ನಾಲ್ಕನೇ ವರ್ಷಕ್ಕೆ ಸಾವೆಂದು ಜಾತಕದಲ್ಲೇ ಇತ್ತು ಎಂಬ ಕಥೆಯನ್ನೂ ಸೇರಿಸಿದ. ನಮ್ಮ ಕಡೆ ಎಲ್ಲರೂ ಇದನ್ನು ಒಪ್ಪುವುದಿಲ್ಲ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮನಿಗೆ ಕೊಟ್ಟರು.

ಗೋರಿಯ ಮಣ್ಣನ್ನು ಅಷ್ಟು ತಾಳ್ಮೆಯಿಂದ ನೋಡಿದವನಿಗೆ, ತನ್ನೆದುರೇ ಬೆಳೆದ ಯುವಕನ ಸಿಟ್ಟು ಎಲ್ಲಿಂದ ಬಂತು ಎಂದು ಕಾಣಲಿಲ್ಲವೇ? ಅಥವಾ ಕಂಡರೂ, ತಾನು ಯಾರ ಸಂಬಳ ತಿನ್ನುತ್ತಿದ್ದೇನೆ ಎಂಬುದು ಅಡ್ಡ ಬಂತೇ? ಕಲ್ಲಿನ ವಿಷಯದಲ್ಲಿ ಚಿತ್ರದಿಂದ ಸಿದ್ಧಾಂತವನ್ನು ಬೇರ್ಪಡಿಸಿದ ಹಾಗೆ, ಇಲ್ಲಿಯೂ ಅವನು ಕಂಡದ್ದನ್ನು ಇಟ್ಟುಕೊಂಡು, ಜಾತಕದ ಕಥೆಯನ್ನು ಪಕ್ಕಕ್ಕಿಡಬೇಕು ಎಂದು ನನಗನ್ನಿಸುತ್ತದೆ. ಅಪ್ಪಾ ಎಂಬ ಒಂದು ಶಬ್ದ, ಒಂದು ಜೈಲು. ಅಷ್ಟು ಸಾಕು.

1875ರಲ್ಲಿ ಟೇಲರನ ಕಣ್ಣು ಹೋಯಿತು.  ಆದರೂ ಅದೇ ವರ್ಷ ಕೊನೆಯ ಸಲ ಹಿಂದುಸ್ತಾನಕ್ಕೆ ಬಂದ. ಊರಿಗೆ ಹಿಂತಿರುಗುವ ದಾರಿಯಲ್ಲಿ, 1876ರ ಮೇ 13ರಂದು ಫ್ರಾನ್ಸಿನ ಮಾಂತೋನ್ ಎಂಬಲ್ಲಿ ತೀರಿಕೊಂಡ. ಮರುವರ್ಷ ಮಗಳು ಆಲಿಸ್ ಅವನ ಆತ್ಮಕಥೆಯನ್ನು ಪ್ರಕಟಿಸಿದಳು. ಅಷ್ಟು ನೋಡಿ, ಅಷ್ಟು ಬರೆದವನು ಕೊನೆಗೆ ದಖನ್ನಿನ ಬಿಸಿಲನ್ನು ಮೈಯಿಂದ ಮಾತ್ರ ಗುರುತು ಹಿಡಿದಿರಬೇಕು.

ಕಳೆದ ತಿಂಗಳು ಆ ಕ್ಯಾನ್ವಾಸನ್ನು ಮತ್ತೆ ಹೊರತೆಗೆದೆ. ಫೋಟೋ ಪಕ್ಕದಲ್ಲಿಟ್ಟುಕೊಂಡು, ಅಳಿಸಿದ ಕಲ್ಲುಗಳನ್ನು ಒಂದೊಂದಾಗಿ ಅವವುಗಳ ಜಾಗಕ್ಕೆ ವಾಪಸು ಬರೆದೆ. ಎರಡು ಶನಿವಾರ ಹಿಡಿಯಿತು. ಕರೆಂಟು ಕಂಬವನ್ನೂ ನೆಟ್ಟೆ. ಚಿತ್ರ ಮೊದಲಿನಷ್ಟು ಚಂದವಿಲ್ಲ, ಗಿಜಿಗಿಜಿ ಅನ್ನುತ್ತದೆ. ಆದರೆ ಮುಂದೆ ಯಾರಾದರೂ ನೋಡಿ, ಕಲ್ಲು ಎಲ್ಲಿತ್ತು ಎಂದು ಕೇಳಿದರೆ ಸುಳ್ಳು ಹೇಳುವುದಿಲ್ಲ.

ವಿಭೂತಿಹಳ್ಳಿ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಜಾಗ. ಯಾದಗಿರಿ ಕಡೆ ಬಂದರೆ ಒಂದು ಸಂಜೆ ಹೋಗಿ ನೋಡಿ. ಕಲ್ಲು ಮುಟ್ಟಬಹುದು, ದಯವಿಟ್ಟು ಸರಿಸಬೇಡಿ. ನಾನು ಸರಿಸಿದ್ದೇ ಸಾಕು :)

ನಿಮ್ಮೂರ ಹೊಲದಲ್ಲೂ ಇಂಥ ಕಲ್ಲುಗಳಿವೆಯಾ? ಅವಕ್ಕೆ ಅಲ್ಲಿ ಏನಂತಾರೆ? ಗೊತ್ತಿದ್ದರೆ ಬರೀರಿ. ಗೊತ್ತಿಲ್ಲದಿದ್ದರೆ, ಊರಿಗೆ ಹೋದಾಗ ನಿಮ್ಮ ಮುತ್ಯಾನನ್ನು ಒಂದು ಮಾತು ಕೇಳಿ ಬನ್ನಿ.