ಮುಳ್ಳುತಂತಿಯೊಳಗಿನ ಬರಹ: ಆಗ್ನೆಸ್ ಕೀತ್ ಕಂಡ ಬೋರ್ನಿಯೊ (1942–45)

ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ವಶವಾದ ವಸಾಹತುಗಳ ಚರಿತ್ರೆಗೆ ಸೇನಾ ದಾಖಲೆಗಳು ಮುಖ್ಯ ಆಕರ. ಹಸಿವು, ಕಾಯಿಲೆ, ಮಕ್ಕಳ ಪಾಲನೆಗಳ ವಿವರ ಬೇಕೆಂದರೆ ಸೆರೆಯಾಳುಗಳ ಟಿಪ್ಪಣಿಗಳನ್ನೇ ನೋಡಬೇಕು. ಹಾಗೆ ನೋಡುವಾಗ ಬರೆದವರ ಸಾಮಾಜಿಕ ನೆಲೆಯನ್ನು ಮರೆಯುವಂತಿಲ್ಲ. ಆಗ್ನೆಸ್ ಕೀತ್ ಅವರ ‘ತ್ರೀ ಕೇಮ್ ಹೋಮ್’ (1947) ಕೃತಿಯನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಅಮೆರಿಕದಲ್ಲಿ ಹುಟ್ಟಿದ ಕೀತ್, ಬ್ರಿಟಿಷ್ ಉತ್ತರ ಬೋರ್ನಿಯೊದ ಅರಣ್ಯಾಧಿಕಾರಿ ಹ್ಯಾರಿ ಕೀತ್ ಅವರನ್ನು 1934ರಲ್ಲಿ ಮದುವೆಯಾಗಿ ಸಂಡಕನ್ ಪಟ್ಟಣಕ್ಕೆ ಬಂದರು. ಅಲ್ಲಿ ಅವರದು ಆಳುವ ವರ್ಗದ ಮನೆ; ಕೆಲಸಕ್ಕೆ ಸ್ಥಳೀಯ ಆಳುಗಳಿದ್ದರು. 1942ರ ಜನವರಿ 19ರಂದು ಜಪಾನಿ ಸೇನೆ ಪಟ್ಟಣವನ್ನು ಹಿಡಿಯಿತು. ಮೇ ತಿಂಗಳಲ್ಲಿ ಕೀತ್ ಮತ್ತು ಅವರ ಪುಟ್ಟ ಮಗನನ್ನು ಬರ್ಹಾಲಾ ದ್ವೀಪದಲ್ಲಿ ಕೂಡಿಹಾಕಿದರು; 1943ರ ಆರಂಭದಲ್ಲಿ ಕುಚಿಂಗ್ ಬಳಿಯ ಬಟು ಲಿಂಟಾಂಗ್ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಹ್ಯಾರಿ ಸೇರಿದಂತೆ ಗಂಡಸರಿಗೆ ಬೇರೆಯೇ ಆವರಣ. ಬ್ರಿಟಿಷ್ ಇಂಡಿಯನ್ ಸೇನೆಯ ಭಾರತೀಯ ಸಿಪಾಯಿಗಳೂ ಅದೇ ಶಿಬಿರದಲ್ಲಿ ಸೆರೆಯಲ್ಲಿದ್ದರು. ಕಾವಲುಗಾರರಿಗೆ ತಲೆಬಾಗಿ ನಮಸ್ಕರಿಸುವುದು ಕಡ್ಡಾಯ. ನಿನ್ನೆಯವರೆಗೆ ನಮಸ್ಕಾರ ಸ್ವೀಕರಿಸುತ್ತಿದ್ದವರೇ ಈಗ ಬಾಗಬೇಕಾಯಿತು.

ಕೀತ್ ಸಿಕ್ಕ ಚೂರುಕಾಗದಗಳ ಮೇಲೆ ಒತ್ತೊತ್ತಾಗಿ ಬರೆದರು. ಅವನ್ನು ಡಬ್ಬಿಗಳಲ್ಲಿ ಹೂತರು. ಮಗನ ಆಟಿಕೆಗಳೊಳಗೆ ತುರುಕಿ ಹೊಲಿದರು. ಅವರ ಹಿಂದಿನ ಪುಸ್ತಕವನ್ನು ಓದಿದ್ದ ಶಿಬಿರಾಧಿಕಾರಿ ಸುಗಾ, ಸೆರೆವಾಸದ ಬಗ್ಗೆ ಬರೆಯುವಂತೆ ಅವರಿಗೇ ಹೇಳಿದ್ದ. ಹೀಗೆ ಅಧಿಕಾರಿಯ ಕಣ್ಣಿಗೆ ಒಂದು ಬರಹ, ತಮಗಾಗಿ ಇನ್ನೊಂದು ಎಂಬಂತಾಯಿತು. ಆಟಿಕೆಯೊಳಗೆ ಅಡಗಿದ್ದ ಬರಹವೇ ಹೆಚ್ಚು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ. ಅದರ ಮೊದಲ ಓದುಗ ಸೆರೆಹಿಡಿದವನಾಗಿರಲಿಲ್ಲ.

ಆದರೂ ಈ ಸಾಕ್ಷ್ಯದ ದೃಷ್ಟಿ ಶಿಬಿರದ ಬೇಲಿಯವರೆಗೆ ಮಾತ್ರ. 1943ರ ಅಕ್ಟೋಬರ್‌ನಲ್ಲಿ ಉತ್ತರ ಬೋರ್ನಿಯೊದ ಜೆಸೆಲ್ಟನ್‌ನ ಚೀನೀಯರೂ ಸ್ಥಳೀಯ ಬುಡಕಟ್ಟಿನವರೂ ಜಪಾನಿ ಆಡಳಿತದ ವಿರುದ್ಧ ದಂಗೆಯೆದ್ದರು. ಅದಕ್ಕೆ ಪ್ರತೀಕಾರವಾಗಿ 1944ರ ಜನವರಿ 21ರಂದು ಪೆಟಗಾಸ್‌ನಲ್ಲಿ 176 ಜನರನ್ನು ಕೊಲ್ಲಲಾಯಿತು. ಆ ನೆಲದ ಮಕ್ಕಳಿಗೆ ಆಕ್ರಮಣವೆಂದರೆ ಒಬ್ಬ ಯಜಮಾನ ಹೋಗಿ ಇನ್ನೊಬ್ಬ ಬಂದದ್ದು. ಅವರ ಪಾಲಿನ ಕಥೆಯನ್ನು ಕೀತ್ ಅವರ ಪುಟಗಳಿಂದಷ್ಟೇ ಕಟ್ಟಲಾಗದು.

1945ರ ಸೆಪ್ಟೆಂಬರ್ 11ರಂದು ಆಸ್ಟ್ರೇಲಿಯಾದ ಪಡೆ ಶಿಬಿರವನ್ನು ಬಿಡಿಸಿತು. ಕೀತ್ ಕುಟುಂಬದ ಮೂವರೂ ಜೀವಸಹಿತ ಹೊರಬಂದರು. ಅವರು ಬಿಟ್ಟುಬಂದಿದ್ದ ಸಂಡಕನ್‌ನಲ್ಲಿ ಸೆರೆಯಿದ್ದ ಸುಮಾರು 2,400 ಆಸ್ಟ್ರೇಲಿಯನ್ ಮತ್ತು ಬ್ರಿಟಿಷ್ ಯುದ್ಧಕೈದಿಗಳಲ್ಲಿ ಉಳಿದವರು 6 ಮಂದಿ.